ಅಪ್ಪ ಕಂಡ ಜೋಗ



ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ಅಡಿಕೆ ಮಾರಿದ ದುಡ್ಡು ಉಳಿಸಿಟ್ಟು ಅಪ್ಪ ನಮ್ಮನ್ನೆಲ್ಲ ಮಳೆಗಾಲದಲ್ಲಿ ಜೋಗಕ್ಕೆ ಕರೆದುಕೊಂಡು ಹೋದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರದೇ ಪಾಠ: "ರಾಜ, ರಾಣಿ, ರೋರರ್, ರಾಕೆಟ್. ಎತ್ತರ 830 ಅಡಿ. ಮರೀಬೇಡಿ."

ಹೋಗಿ ನಿಂತರೆ ಬರೀ ಮಂಜು. ರಾಜನೂ ಇಲ್ಲ, ರಾಣಿಯೂ ಇಲ್ಲ, ಶಬ್ದ ಮಾತ್ರ. ಎರಡು ಗಂಟೆ ಕಾದೆವು. ಚಿತ್ರಾನ್ನದ ಬುತ್ತಿಯೂ ಖಾಲಿಯಾಯಿತು. ಅಜ್ಜಿ, "ಈ ಶಬ್ದ ಕೇಳೋಕೆ ಇಷ್ಟು ದುಡ್ಡು ಕೊಟ್ಟು ಬರಬೇಕಿತ್ತೇನೋ? ನಮ್ಮನೆ ಸೂರಿನಡಿ ಕೂತಿದ್ರೂ ಕೇಳ್ತಿತ್ತು" ಎಂದರು.

ಅಪ್ಪ ಬೇಸರದಿಂದ ಬಸ್ಸಿನ ಹೊತ್ತು ವಿಚಾರಿಸಲು ಹೋದರು. ಅವರು ಅತ್ತ ಹೋದದ್ದೇ ತಡ, ಮಂಜು ಸರಿಯಿತು. ನಾಲ್ಕೂ ಧಾರೆ ಕಂಡವು! ಅಜ್ಜಿ ಕೈಮುಗಿದರು. ನಾನು ಓಡಿಹೋಗಿ ಅಪ್ಪನನ್ನು ಎಳೆದು ತರುವಷ್ಟರಲ್ಲಿ ಮತ್ತೆ ಎಲ್ಲ ಬಿಳಿ.

ಕನ್ನಡ ಮೇಷ್ಟ್ರು ಪ್ರವಾಸದ ಪ್ರಬಂಧ ಬರೆಯಲು ಹೇಳಿದಾಗ ಇದನ್ನೇ ಬರೆದೆ. ಅವರು ತರಗತಿಯಲ್ಲಿ ಓದಿದರು; ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಅಂಗಡಿಕಟ್ಟೆಯಲ್ಲಿ ಎಲ್ಲರೂ ಅಪ್ಪನಿಗೆ, "ಜೋಗ ಹೇಗಿತ್ತು?" ಎಂದು ಕೇಳಿ ನಗುವವರೇ. ನಾನು ಹೆದರಿ ಅಡಗಿಕೊಂಡೆ. ಅಪ್ಪ ಬೈಯಲಿಲ್ಲ. "ನೀವು ನೋಡಿದ್ರಲ್ಲ, ದುಡ್ಡು ವಸೂಲಾಯ್ತು" ಎಂದರಷ್ಟೆ.

ಕೆಲಸ ಸಿಕ್ಕಿ ಮೊದಲ ಸಂಬಳ ಬಂದಾಗ ಅವರನ್ನು ಮತ್ತೆ ಕರೆದುಕೊಂಡು ಹೋದೆ. ಅದು ಬಿರುಬೇಸಿಗೆ. ಶರಾವತಿಯ ನೀರೆಲ್ಲ ಲಿಂಗನಮಕ್ಕಿ ಅಣೆಕಟ್ಟೆಯಲ್ಲಿ. ಇಲ್ಲಿ ಬಂಡೆಯ ಮೇಲೆ ನೂಲಿನೆಳೆಯಷ್ಟು. ನನಗೆ ಅಳು ಬಂತು. ಅಪ್ಪ ಬೆರಳು ಮಡಚಿ ಎಣಿಸಿ, "ನಾಲ್ಕೂ ಇವೆ ಕಣೋ" ಎಂದರು.

ಅಪ್ಪ ಈಗಿಲ್ಲ. ಆ ಪ್ರಬಂಧ ಅವರ ಟ್ರಂಕಿನಲ್ಲಿ ಸಿಕ್ಕಿತು.