ಸತ್ತವರಿಗೆ ಪಾಟಿ ಸವಾಲಿಲ್ಲ

ಕನ್ನಡದಲ್ಲಿ 'ಅಂತೆ' ಎಂಬ ಪುಟ್ಟ ಮಾತೊಂದಿದೆ. 'ಹೊಡೆದ' ಎಂದರೆ ಹೇಳಿದವನೇ ಹೊಣೆ. 'ಹೊಡೆದನಂತೆ' ಎಂದರೆ ಹೊಣೆ ಇನ್ಯಾರದೋ. ಊರ ಜಗಲಿಯಲ್ಲಿ ಎರಡೂ ನಡೆಯುತ್ತವೆ. ನ್ಯಾಯಾಲಯದ ಕಟಕಟೆಯಲ್ಲಿ ಮಾತ್ರ 'ಅಂತೆ'ಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಕಂಡವರೇ ಬಂದು ಕಂಡೆವೆನ್ನಬೇಕು. 'ಆಗ ಕತ್ತಲಿರಲಿಲ್ಲವೆ? ನಿಮಗೂ ಅವನಿಗೂ ಹಗೆ ಇರಲಿಲ್ಲವೆ?' ಎಂದು ಎದುರು ವಕೀಲರು ಪಾಟಿ ಸವಾಲು ಹಾಕಬೇಕಾದುದು ಕಂಡವರಿಗೆ. ಅವರ ಮಾತನ್ನು ಹೊತ್ತು ತಂದವರಿಗಲ್ಲ.

ಸರಿ, ಆದರೆ ಕಂಡವನೇ ಕೊಲೆಯಾಗಿ ಹೋಗಿದ್ದರೆ? ಸಾಕ್ಷಿಯ ಬಾಯಿ ಮುಚ್ಚಿಸಿದ ಲಾಭ ಕೊಲೆಗಾರನಿಗೇ ದಕ್ಕಬೇಕೆ? ಈ ಪ್ರಶ್ನೆಗೆ ಕಾನೂನು ಕೊಟ್ಟ ಉತ್ತರವೇ ಮರಣಪೂರ್ವ ಹೇಳಿಕೆ. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಇದು 32ನೇ ಕಲಮಿನಲ್ಲಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 26ನೇ ಕಲಮಿಗೆ ಬಂದಿದೆ. ಅಂಕಿ ಬದಲಾಯಿತು, ತತ್ವ ಬದಲಾಗಲಿಲ್ಲ.

ಸಾಯುವವರು ಸುಳ್ಳು ಹೇಳುವುದಿಲ್ಲ ಎಂಬ ಹಳೆಯ ನಂಬಿಕೆಯನ್ನು ಇದಕ್ಕೆ ಆಧಾರವೆನ್ನುವುದುಂಟು. ಇಂಗ್ಲೆಂಡಿನ ನ್ಯಾಯಾಧೀಶರು ಇದನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ, ಬದುಕುವ ಆಸೆ ಪೂರ್ತಿ ಬಿಟ್ಟವರ ಮಾತಿಗೆ ಮಾತ್ರ ಬೆಲೆ ಎಂದರು. 1879ರ ಬೆಡಿಂಗ್‌ಫೀಲ್ಡ್ ಮೊಕದ್ದಮೆಯಲ್ಲಿ ಕತ್ತು ಕುಯ್ಯಿಸಿಕೊಂಡ ಹೆಂಗಸೊಬ್ಬಳು ಹೊರಗೆ ಓಡಿಬಂದು, ಅವನು ಮಾಡಿದ್ದನ್ನು ನೋಡಿ ಎಂದಳು. ಸ್ವಲ್ಪ ಹೊತ್ತಿನಲ್ಲೇ ಸತ್ತಳು. ತಾನು ಸಾಯುತ್ತೇನೆಂದು ಅವಳಿಗೆ ಗೊತ್ತಿತ್ತೆಂಬುದಕ್ಕೆ ಪುರಾವೆ ಇಲ್ಲವೆಂದು ಆ ಮಾತನ್ನೇ ಸಾಕ್ಷ್ಯದಿಂದ ಕೈಬಿಡಲಾಯಿತು! ಭಾರತದ ಕಾಯ್ದೆ ಈ ಹಟಕ್ಕೆ ಬೀಳಲಿಲ್ಲ. ಹೇಳುವಾಗ ಸಾವಿನ ನಿರೀಕ್ಷೆ ಇರಬೇಕೆಂದಿಲ್ಲ. ಮಾತು ಸಾವಿನ ಕಾರಣಕ್ಕೋ ಸಾವಿಗೆ ದಾರಿಯಾದ ಸಂದರ್ಭಕ್ಕೋ ಸೇರಿದ್ದರೆ ಸಾಕು.

1937ರಲ್ಲಿ ಪುರಿಯಲ್ಲಿ ರೈಲಿನ ಡಬ್ಬಿಯೊಂದರಲ್ಲಿ ಸಿಕ್ಕ ಉಕ್ಕಿನ ಟ್ರಂಕಿನೊಳಗೆ ತುಂಡು ತುಂಡಾದ ಹೆಣವಿತ್ತು. ಅದು ಪಿಠಾಪುರದ ದಿವಾನರ ಬಳಿ ಪೇದೆಯಾಗಿದ್ದವನದು. ಕೊಟ್ಟ ಸಾಲ ತರಲು ಬೆರ್ಹಾಂಪುರಕ್ಕೆ ಹೋಗುತ್ತಿದ್ದೇನೆಂದು ಅವನು ಹೊರಡುವ ಮುನ್ನ ಹೆಂಡತಿಗೆ ಹೇಳಿದ್ದ. ಆಗ ಅವನಿಗೆ ಸಾವಿನ ಸುಳಿವೆಲ್ಲಿ? ಆದರೂ 1939ರಲ್ಲಿ ಪ್ರಿವಿ ಕೌನ್ಸಿಲ್ ಆ ಮಾತನ್ನು ಸಾಕ್ಷ್ಯವಾಗಿ ಒಪ್ಪಿತು. ಕಾನೂನಿನವರು ಇಂದಿಗೂ ನೆನೆಯುವ ಪಾಕಾಲ ನಾರಾಯಣಸ್ವಾಮಿ ಮೊಕದ್ದಮೆ ಇದೇ.

ಮಾತೇ ಬೇಕೆಂದೂ ಇಲ್ಲ. 1885ರಲ್ಲಿ ಅಲಹಾಬಾದ್ ಹೈಕೋರ್ಟಿನ ಮುಂದೆ ಬಂದದ್ದು ದುಲಾರಿ ಎಂಬಾಕೆಯ ಕೊಲೆ. ಕತ್ತು ಸೀಳಿದ್ದರಿಂದ ದನಿ ಹೊರಡದು. ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಹೋದಾಗ ಆಕೆ ಕೈಸನ್ನೆಯಿಂದಲೇ ಹೌದು, ಅಲ್ಲ ಎಂದಳು. ಪ್ರಶ್ನೆಯೂ ಸನ್ನೆಯೂ ಕೂಡಿ ಹೇಳಿಕೆಯಾಯಿತು.

ಇಷ್ಟು ಸಡಿಲ ಬಿಟ್ಟ ಮೇಲೆ ಅಪಾಯವೂ ಉಂಟು. ಹಗೆಯನ್ನು ಚಿತೆಯವರೆಗೆ ಹೊತ್ತೊಯ್ಯುವವರು ಲೋಕದಲ್ಲಿಲ್ಲವೆ? ಅದಕ್ಕಿಂತ ದೊಡ್ಡ ಭಯ ಹಾಸಿಗೆಯ ಸುತ್ತ ನಿಂತವರದು. ಸುಟ್ಟಗಾಯಗಳಿಂದ ನರಳುವ ಸೊಸೆ ಗಂಡನ ಮನೆಯವರೆದುರು 'ಸ್ಟೌ ಸಿಡಿಯಿತು' ಎನ್ನಬಹುದು. ತವರಿನವರು ಬಂದ ಮೇಲೆ ಬೇರೆ ಹೇಳಬಹುದು. ಎರಡರಲ್ಲಿ ನಿಜ ಯಾವುದು? ಮೊದಲನೆಯದು ಹೆದರಿಕೆಯದಿರಬಹುದು, ಎರಡನೆಯದು ಹೇಳಿಕೊಟ್ಟದ್ದಿರಬಹುದು. ಕೇಳಿ ತಿಳಿಯಲು ಅವಳಿಲ್ಲ.

ನಂಬಿಕೆಗೆ ಅರ್ಹವಾದರೆ ಇಂಥ ಹೇಳಿಕೆಯೊಂದರ ಮೇಲೆಯೇ ಶಿಕ್ಷೆ ವಿಧಿಸಬಹುದೆಂದು ಸುಪ್ರೀಂ ಕೋರ್ಟು ಖುಶಾಲ್ ರಾವ್ ಮೊಕದ್ದಮೆಯಲ್ಲಿ 1957ರಲ್ಲೇ ಹೇಳಿದೆ. ಆದ್ದರಿಂದ ಬರೆದುಕೊಳ್ಳುವ ಮ್ಯಾಜಿಸ್ಟ್ರೇಟರ ಎಚ್ಚರಕ್ಕೆ ಅಷ್ಟು ತೂಕ. ನೆಂಟರನ್ನು ಹೊರಗೆ ಕಳಿಸಿದರೆ? ಪ್ರಶ್ನೋತ್ತರಗಳನ್ನು ರೋಗಿಯ ಮಾತಿನಲ್ಲೇ ಬರೆದರೆ? ರೋಗಿಗೆ ಪ್ರಜ್ಞೆ ನೆಟ್ಟಗಿದೆಯೆಂದು ವೈದ್ಯರು ಬರೆದುಕೊಟ್ಟರೆ ಒಳಿತು. ಆ ಪ್ರಮಾಣಪತ್ರ ಇಲ್ಲವೆಂಬ ಒಂದೇ ಕಾರಣಕ್ಕೆ ಹೇಳಿಕೆ ಬಿದ್ದುಹೋಗದೆಂದು 2002ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಲಕ್ಷ್ಮಣ್ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು.

ಇನ್ನು ಹೇಳಿಕೆ ಕೊಟ್ಟಾಕೆ ಗುಣವಾಗಿ ಮನೆಗೆ ಬಂದರೆ, ಆ ಕಾಗದ ಮರಣಪೂರ್ವ ಹೇಳಿಕೆ ಎನಿಸಿಕೊಳ್ಳುವುದಿಲ್ಲ. ಆಕೆಯೇ ಕಟಕಟೆ ಹತ್ತಬೇಕು, ಎಲ್ಲರಂತೆ ಪಾಟಿ ಸವಾಲಿಗೆ ಉತ್ತರ ಕೊಡಬೇಕು.