ಕಣ್ಣರೆಪ್ಪೆಯ ಸೌಂದರ್ಯ ಶಸ್ತ್ರಚಿಕಿತ್ಸೆ: ನಿರ್ಧರಿಸುವ ಮುನ್ನ

(ಕನ್ನಡ ಕೂಟದ ಯುಗಾದಿ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಹೋಳಿಗೆ ಊಟಕ್ಕೂ ಮಕ್ಕಳ ನಾಟಕಕ್ಕೂ ನಡುವಣ ಈ ಅರ್ಧ ಗಂಟೆಯನ್ನು ಒಬ್ಬ ವೈದ್ಯನ ಕೈಗೆ ಒಪ್ಪಿಸಿರುವ ನಿಮ್ಮ ಧೈರ್ಯಕ್ಕೆ ಮೊದಲು ವಂದನೆಗಳು. ಇಂದಿನ ವಿಷಯವನ್ನು ಆರಿಸಿದವನು ನಾನಲ್ಲ, ನೀವೇ. ಕಳೆದ ವರ್ಷ ಇದೇ ಸಭೆಯಲ್ಲಿ ರಕ್ತದೊತ್ತಡವನ್ನು ಕುರಿತು ಮಾತನಾಡಿದಾಗ ಒಂದು ಪ್ರಶ್ನೆಯೂ ಬರಲಿಲ್ಲ. ಆದರೆ ಊಟದ ಸಾಲಿನಲ್ಲಿ ನಾಲ್ವರು ಬೇರೆಬೇರೆಯಾಗಿ ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, ಜೋತುಬಿದ್ದ ಕಣ್ಣರೆಪ್ಪೆಯನ್ನು ಸರಿಪಡಿಸಿಕೊಳ್ಳಬಹುದೇ ಎಂದು ವಿಚಾರಿಸಿದರು. ಅವರಲ್ಲಿ ಇಬ್ಬರು ಮಹಿಳೆಯರು, ಇಬ್ಬರು ಪುರುಷರು. ಆದುದರಿಂದ ಇದನ್ನು ಹೆಂಗಸರ ಚಪಲವೆಂದು ನಗಲು ಸಿದ್ಧರಾಗಿರುವ ಮಹನೀಯರು ಸ್ವಲ್ಪ ತಾಳಬೇಕು.

ನಾನು ಶಸ್ತ್ರಚಿಕಿತ್ಸಕನಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ಈ ರೋಗಿ ಇದನ್ನು ತಾಳಬಲ್ಲರೆಂದು ಕಾಗದಕ್ಕೆ ರುಜು ಹಾಕುವ ಸಾಮಾನ್ಯ ವೈದ್ಯ. ಆ ರುಜುವಿಗೆ ಮೊದಲು ನಾನು ಕೇಳುವ ಪ್ರಶ್ನೆಗಳನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ರೆಪ್ಪೆಗೆ ಕತ್ತಿ ತಾಗಿಸುವುದು ನಮ್ಮವರಿಗೆ ಹೊಸ ಸಂಗತಿಯೇನೂ ಅಲ್ಲ. ರೆಪ್ಪೆಗೂದಲು ಒಳಕ್ಕೆ ತಿರುಗಿ ಕಣ್ಣನ್ನು ಚುಚ್ಚುವ ಪಕ್ಷ್ಮಕೋಪವೆಂಬ ರೋಗಕ್ಕೆ, ಮೇಲ್ರೆಪ್ಪೆಯಿಂದ ಜವೆಯ ಕಾಳಿನ ಆಕಾರದ ಚರ್ಮವನ್ನು ತೆಗೆದು ಕೂದಲಿನಿಂದ ಹೊಲಿಯುವ ವಿಧಾನ ಸುಶ್ರುತ ಸಂಹಿತೆಯಲ್ಲಿದೆ. ಅಲ್ಲಿ ಉದ್ದೇಶ ಕಣ್ಣನ್ನು ಉಳಿಸುವುದು. ಇಂದು ನಾವು ಬ್ಲೆಫರೋಪ್ಲಾಸ್ಟಿ ಎಂದು ಕರೆಯುವ ಚಿಕಿತ್ಸೆ ಬಹುಮಟ್ಟಿಗೆ ನೋಟಕ್ಕಾಗಿ ನಡೆಯುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ರೆಪ್ಪೆಯ ಕೆಲಸವೇನೆಂಬುದನ್ನು ಮಾತ್ರ ಮರೆಯಬಾರದು. ಒಂದು ಮಿಲಿಮೀಟರಿಗಿಂತಲೂ ತೆಳುವಾದ, ದೇಹದಲ್ಲೇ ಅತ್ಯಂತ ತೆಳ್ಳಗಿನ ಈ ಚರ್ಮ ನಿಮಿಷಕ್ಕೆ ಹಲವು ಬಾರಿ ಮುಚ್ಚಿ ತೆರೆದು ಕಣ್ಣೀರನ್ನು ಕಣ್ಣಿನ ಮೇಲೆ ಹರಡುತ್ತದೆ. ಅತಿಯಾಗಿ ಕತ್ತರಿಸಿದ ರೆಪ್ಪೆ ನಿದ್ರೆಯಲ್ಲೂ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಕಣ್ಣು ಒಣಗಿ ಹುಣ್ಣಾಗುತ್ತದೆ. ಹುಬ್ಬಿನ ಕೆಳಗಿನಿಂದ ರೆಪ್ಪೆಗೂದಲಿನವರೆಗೆ ಸುಮಾರು 20 ಮಿಲಿಮೀಟರ್ ಚರ್ಮ ಉಳಿಯಬೇಕೆಂಬುದು ಬಲ್ಲ ಶಸ್ತ್ರಚಿಕಿತ್ಸಕರ ಲೆಕ್ಕ. ಕಡಿಮೆ ತೆಗೆದರೆ ಮತ್ತೊಮ್ಮೆ ತೆಗೆಯಬಹುದು. ಹೆಚ್ಚು ತೆಗೆದದ್ದನ್ನು ಮರಳಿ ಕೊಡುವುದು ಬಹಳ ಕಷ್ಟ.

ಈಗ ಮುಖ್ಯವಾದ ಪ್ರಶ್ನೆ: ರೆಪ್ಪೆ ಏಕೆ ಇಳಿದಿದೆ? ವಯಸ್ಸಾಗಿ ಚರ್ಮ ಸಡಿಲವಾಗಿ ಮಡಿಕೆ ಬೀಳುವುದು ಒಂದು ಕಾರಣ. ಹುಬ್ಬೇ ಕೆಳಗಿಳಿದು ರೆಪ್ಪೆಯ ಮೇಲೆ ಕುಳಿತಿರುವುದು ಇನ್ನೊಂದು; ಬೆರಳಿನಿಂದ ಹುಬ್ಬನ್ನು ಮೇಲೆತ್ತಿದಾಗ ಎಲ್ಲವೂ ಸರಿಯಾಗಿ ಕಂಡರೆ ತೊಂದರೆ ಹುಬ್ಬಿನದು, ರೆಪ್ಪೆಯದಲ್ಲ. ಮೂರನೆಯದು, ರೆಪ್ಪೆಯನ್ನು ಎತ್ತುವ ಸ್ನಾಯುವಿನ ಹಿಡಿತ ಸಡಿಲವಾಗಿ ರೆಪ್ಪೆಯ ಅಂಚೇ ಕಣ್ಣಪಾಪೆಯ ಮೇಲಿಳಿಯುವುದು. ಇದಕ್ಕೆ ಟೋಸಿಸ್ ಎಂದು ಹೆಸರು. ವರ್ಷಗಟ್ಟಲೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿದವರಲ್ಲೂ ಕಣ್ಣಿನ ಪೊರೆ ತೆಗೆಸಿಕೊಂಡವರಲ್ಲೂ ಇದು ಕಾಣಿಸಿಕೊಳ್ಳುವುದುಂಟು. ಮೂರಕ್ಕೂ ಬೇರೆಬೇರೆ ಶಸ್ತ್ರಚಿಕಿತ್ಸೆ. ಟೋಸಿಸ್ ಇರುವವರಿಗೆ ಬರಿಯ ಚರ್ಮ ಕತ್ತರಿಸಿದರೆ ಹಣವೂ ಹೋಯಿತು, ರೆಪ್ಪೆಯೂ ಇದ್ದಲ್ಲೇ ಇತ್ತು ಎಂಬಂತಾಗುತ್ತದೆ. ಅಂದಹಾಗೆ, ವಯಸ್ಸಾದ ಮೇಲೆ ಬಂದ ಟೋಸಿಸ್‌ಗೆ 2020ರಲ್ಲಿ ಅಮೆರಿಕದಲ್ಲಿ ಒಂದು ಕಣ್ಣಿನ ಹನಿಗೆ ಅನುಮತಿ ದೊರೆಯಿತು. ಆಕ್ಸಿಮೆಟಜೋಲಿನ್ ಎಂಬ ಈ ಔಷಧಿ ರೆಪ್ಪೆಯನ್ನು ಕೆಲವು ಗಂಟೆಗಳ ಕಾಲ ಸ್ವಲ್ಪ ಮೇಲೆತ್ತುತ್ತದೆ. ಎಲ್ಲರಿಗೂ ಹೊಂದುವುದಿಲ್ಲವಾದರೂ ಕೇಳಿ ನೋಡಬಹುದು.

ಇದಿಷ್ಟೇ ಆಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ, ಮಗನ ಮದುವೆಗೆ ನಾಲ್ಕು ತಿಂಗಳಿದ್ದಾಗ, ಒಬ್ಬ ಮಹಿಳೆ ನನ್ನ ಬಳಿಗೆ ಬಂದರು. ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿತ್ತು. ನನ್ನ ರುಜು ಒಂದೇ ಬಾಕಿ. ಬೆಳಗಿನ ಹತ್ತು ಗಂಟೆಗೆ ಅವರ ರೆಪ್ಪೆಯಲ್ಲಿ ನನಗೆ ದೋಷವೇನೂ ಕಾಣಲಿಲ್ಲ. ಹಾಗೆಂದಾಗ ಆಕೆ, "ಈಗ ಚೆನ್ನಾಗಿದೆ ಡಾಕ್ಟರೇ, ಸಂಜೆ ನೋಡಬೇಕು. ದೇವರ ದೀಪ ಹಚ್ಚುವ ಹೊತ್ತಿಗೆ ಒಂದು ದೀಪ ಎರಡಾಗಿ ಕಾಣುತ್ತದೆ" ಎಂದರು. ನಾನು ಲೇಖನಿಯನ್ನು ಕೆಳಗಿಟ್ಟೆ. ಸಂಜೆ ಮತ್ತೆ ಕರೆಸಿದೆ. ಅರ್ಧ ಮುಚ್ಚಿದ್ದ ಎಡಗಣ್ಣಿನ ಮೇಲೆ ಎರಡು ನಿಮಿಷ ಮಂಜುಗಡ್ಡೆಯ ಚೀಲ ಇಟ್ಟು ತೆಗೆದಾಗ ರೆಪ್ಪೆ ಮೇಲೇರಿತ್ತು. ನರರೋಗ ತಜ್ಞರ ಪರೀಕ್ಷೆಯಲ್ಲಿ ಮಯಸ್ತೇನಿಯ ಗ್ರೇವಿಸ್ ಎಂಬುದು ಖಚಿತವಾಯಿತು. ಇದು ನರ ಕೊಡುವ ಸಂದೇಶ ಸ್ನಾಯುವಿಗೆ ಸರಿಯಾಗಿ ತಲುಪದ ರೋಗ. ಉಲ್ಬಣಿಸಿದರೆ ನುಂಗುವುದಕ್ಕೂ ಉಸಿರಾಟಕ್ಕೂ ಅಡ್ಡಿಯಾಗುತ್ತದೆ. ಮಾತ್ರೆಗಳಿಂದ ಅವರ ರೆಪ್ಪೆ ಮೇಲೇರಿತು. ಮದುವೆಯ ಆಲ್ಬಮ್ಮಿನಲ್ಲಿ ಎರಡು ಕಣ್ಣೂ ಸಮನಾಗಿವೆ.

ಇನ್ನೊಂದು ಎಚ್ಚರಿಕೆ. ಒಂದು ರೆಪ್ಪೆ ಒಮ್ಮೆಲೇ ಇಳಿದು, ಜೊತೆಗೆ ತಲೆನೋವು, ಎರಡೆರಡಾಗಿ ಕಾಣುವುದು, ಅಥವಾ ಕಣ್ಣಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ ತೋರಿದರೆ ಅದು ಮಿದುಳಿನ ಇಲ್ಲವೆ ಕುತ್ತಿಗೆಯ ರಕ್ತನಾಳದ ತೊಂದರೆಯಿರಬಹುದು. ಅಂಥ ಹೊತ್ತಿನಲ್ಲಿ ನನಗೆ ಫೋನ್ ಮಾಡಬೇಡಿ, 911ಕ್ಕೆ ಮಾಡಿ.

ಕೆಳರೆಪ್ಪೆಯ ವಿಚಾರಕ್ಕೆ ಬರೋಣ. ಇಲ್ಲಿ ನಮ್ಮವರ ದೂರು ಬಹುತೇಕ ಒಂದೇ: ಕಣ್ಣಿನ ಕೆಳಗಿನ ಕಪ್ಪು. ನಮ್ಮ ಮೈಬಣ್ಣದವರಲ್ಲಿ ಈ ಕಪ್ಪು ಅನೇಕ ವೇಳೆ ಚರ್ಮದ ವರ್ಣದ್ರವ್ಯವೇ ಆಗಿರುತ್ತದೆ. ಊರಿನ ಹೊಲಮನೆಗಳಂತೆ ಅಪ್ಪನಿಂದಲೋ ಅಜ್ಜಿಯಿಂದಲೋ ಬಂದ ಆಸ್ತಿ. ಚರ್ಮವನ್ನು ಮೆಲ್ಲನೆ ಹಿಗ್ಗಿಸಿದರೂ ಬಣ್ಣ ಹಾಗೆಯೇ ಇರುತ್ತದೆ. ಇದನ್ನು ಯಾವ ಕತ್ತಿಯೂ ತೆಗೆಯಲಾರದು. ಲೇಸರ್ ತೆಗೆಯಲು ಹೋಗಿ ಇನ್ನಷ್ಟು ಕಪ್ಪಾಗಿಸಿದ ಮುಖಗಳನ್ನು ನಾನು ಕಂಡಿದ್ದೇನೆ. ವಸಂತದ ಪರಾಗಕ್ಕೆ ಕಣ್ಣು ತುರಿಸಿ ಉಜ್ಜಿ ಉಜ್ಜಿ ಕಪ್ಪಾಗಿಸಿಕೊಂಡವರಿಗೆ ಬೇಕಾದದ್ದು ಅಲರ್ಜಿಯ ಔಷಧಿ. ಆದರೆ ಕೊಬ್ಬಿನ ಚೀಲ ಉಬ್ಬಿ ಅದರ ಕೆಳಗೆ ನೆರಳು ಬೀಳುತ್ತಿದ್ದರೆ, ಮುಖವನ್ನು ಬೆಳಕಿಗೆ ಎತ್ತಿದಾಗ ಆ ಕಪ್ಪು ಮಾಯವಾಗುತ್ತದೆ. ಅಂಥವರಿಗೆ ಶಸ್ತ್ರಚಿಕಿತ್ಸೆ ಫಲ ಕೊಡುತ್ತದೆ. ರೆಪ್ಪೆಯ ಮೂಲೆಯಲ್ಲಿ ಹಳದಿ ಕಲೆ ಕಂಡವರು ಅದನ್ನು ತೆಗೆಸುವ ಮೊದಲು ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ.

ಔಷಧಿಗಳ ವಿಷಯದಲ್ಲಿ ನನಗೆ ನಿಜವಾದ ಭಯವಿದೆ. ಶಸ್ತ್ರಚಿಕಿತ್ಸಾಲಯದವರು ಕೊಡುವ ಅಚ್ಚಿನ ಹಾಳೆಯಲ್ಲಿ, ರಕ್ತ ತೆಳುವಾಗಿಸುವ ಮಾತ್ರೆಗಳನ್ನು ವಾರ ಮೊದಲೇ ನಿಲ್ಲಿಸಿ ಎಂದು ಬರೆದಿರುವುದುಂಟು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಐದು ತಿಂಗಳೂ ತುಂಬದ ನಮ್ಮವರೊಬ್ಬರು ಆ ಹಾಳೆಯನ್ನು ಓದಿ, ಯಾರನ್ನೂ ಕೇಳದೆ, ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎರಡನ್ನೂ ನಿಲ್ಲಿಸಿದ್ದರು. ಮೂರನೆಯ ದಿನ ಬೇರಾವುದೋ ಕಾರಣಕ್ಕೆ ಫೋನ್ ಮಾಡಿದಾಗ ಮಾತಿನ ನಡುವೆ ಸಂಗತಿ ಹೊರಬಿತ್ತು. ಅವರ ಸಂದರ್ಶನದಲ್ಲಿ ನಾನೂ ಈ ಮಾತು ಎತ್ತಿರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಹೊಸ ಸ್ಟೆಂಟ್ ಕಟ್ಟಿಕೊಂಡರೆ ಅದು ಹೃದಯಾಘಾತ. ಮಾತ್ರೆಗಳನ್ನು ಆ ದಿನವೇ ಮತ್ತೆ ಪ್ರಾರಂಭಿಸಿ, ಶಸ್ತ್ರಚಿಕಿತ್ಸೆಯನ್ನು ಮುಂದೂಡಿಸಿದೆವು. ರೆಪ್ಪೆ ಒಂದು ವರ್ಷ ಕಾಯಬಲ್ಲದು. ಹೃದಯ ತಜ್ಞರ ಅಪ್ಪಣೆಯಿಲ್ಲದೆ ಈ ಮಾತ್ರೆಗಳನ್ನು ಮುಟ್ಟಬೇಡಿ. ಐಬುಪ್ರೊಫೆನ್, ಮೀನೆಣ್ಣೆ, ವಿಟಮಿನ್ ಇ, ಬೆಳ್ಳುಳ್ಳಿ ಮಾತ್ರೆ, ಊರಿನಿಂದ ತರಿಸಿದ ಆಯುರ್ವೇದದ ಗುಳಿಗೆ, ಇವೆಲ್ಲವನ್ನೂ ಶಸ್ತ್ರಚಿಕಿತ್ಸಕರಿಗೆ ತಿಳಿಸಿ. ಕಣ್ಣು ಒಣಗುವ ತೊಂದರೆ, ಥೈರಾಯ್ಡ್ ರೋಗ, ಹಿಂದೆ ಮಾಡಿಸಿದ ಲೇಸಿಕ್, ಇವನ್ನೂ ಮುಚ್ಚಿಡಬೇಡಿ.

ಅಪಾಯ ಎಷ್ಟು? ಸಾಮಾನ್ಯವಾಗಿ ಅತ್ಯಲ್ಪ. ಶಸ್ತ್ರಚಿಕಿತ್ಸಕರನ್ನೇ ವಿಚಾರಿಸಿ 2004ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆಯ ಪ್ರಕಾರ, ಕಣ್ಣುಗುಡ್ಡೆಯ ಹಿಂದೆ ರಕ್ತಸ್ರಾವವಾಗುವುದು ಸುಮಾರು 2,000ಕ್ಕೆ ಒಬ್ಬರಲ್ಲಿ. ಅದರಿಂದ ದೃಷ್ಟಿ ಶಾಶ್ವತವಾಗಿ ಹೋಗುವುದು ಸುಮಾರು 22,000ಕ್ಕೆ ಒಬ್ಬರಲ್ಲಿ. ಮನೆಗೆ ಬಂದ ಮೇಲೆ ತೀವ್ರ ನೋವು, ಕಣ್ಣು ಮುಂದಕ್ಕೆ ಉಬ್ಬುವುದು, ದೃಷ್ಟಿ ಮಸುಕಾಗುವುದು ಕಂಡರೆ ಬೆಳಗಾಗಲೆಂದು ಕಾಯಬೇಡಿ. ಅಲ್ಲಿ ನಿಮಿಷಗಳ ಲೆಕ್ಕ. ಹೊಲಿಗೆಯನ್ನು ಸಾಮಾನ್ಯವಾಗಿ ವಾರದೊಳಗೆ ತೆಗೆಯುತ್ತಾರೆ, ನೀಲಿಗಟ್ಟಿದ್ದು ಎರಡು ವಾರದಲ್ಲಿ ಬಹುಪಾಲು ಇಳಿಯುತ್ತದೆ. ಗಾಯದ ಗೆರೆ ಮಾಗಲು ತಿಂಗಳುಗಳೇ ಬೇಕು. ಮದುವೆ ಮುಂಜಿಗಳಿದ್ದವರು ಕಡೇಪಕ್ಷ ಮೂರು ತಿಂಗಳು ಮೊದಲೇ ಮುಗಿಸಿಕೊಳ್ಳಿ.

ಹಣದ ಮಾತು. ನೋಟಕ್ಕಾಗಿ ಮಾಡಿಸಿದರೆ ವಿಮೆಯವರು ಕೊಡುವುದಿಲ್ಲ. ದೃಷ್ಟಿಗೆ ಅಡ್ಡಿಯಾಗಿದೆಯೆಂದು ಛಾಯಾಚಿತ್ರಗಳಿಂದಲೂ, ರೆಪ್ಪೆಯನ್ನು ಪಟ್ಟಿಯಿಂದ ಎತ್ತಿಕಟ್ಟಿ ಮತ್ತು ಕಟ್ಟದೆ ಮಾಡುವ ದೃಷ್ಟಿಕ್ಷೇತ್ರ ಪರೀಕ್ಷೆಯಿಂದಲೂ ತೋರಿಸಿದರೆ ಕೊಡಬಹುದು. ಮೆಡಿಕೇರ್ ಇರುವ ತಂದೆತಾಯಿಗಳ ಗಮನಕ್ಕೆ: ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಮಾಡುವ ಈ ಚಿಕಿತ್ಸೆಗೆ 2020ರ ಜುಲೈ ತಿಂಗಳಲ್ಲಿ ಮುಂಗಡ ಒಪ್ಪಿಗೆಯ ನಿಯಮ ಜಾರಿಗೆ ಬಂತು.

ಬೆಂಗಳೂರಿನಲ್ಲಿ ಅಗ್ಗವಲ್ಲವೇ ಎಂದು ಕೇಳಿದಿರಿ. ಅಗ್ಗವೇ, ನುರಿತ ವೈದ್ಯರೂ ಅಲ್ಲಿದ್ದಾರೆ. ಆದರೆ ಮೂರು ವಾರದ ರಜೆಯ ಕೊನೆಯ ವಾರದಲ್ಲಿ ಮಾಡಿಸಿಕೊಂಡು ವಿಮಾನ ಹತ್ತಿದರೆ, ರೆಪ್ಪೆ ಮುಚ್ಚದಿದ್ದಾಗ ತೋರಿಸುವುದು ಯಾರಿಗೆ? ಹೋದ ಮೊದಲ ವಾರದಲ್ಲೇ ಮಾಡಿಸಿ; ಶಸ್ತ್ರಚಿಕಿತ್ಸೆಯ ಟಿಪ್ಪಣಿಯ ಪ್ರತಿಯನ್ನು ಕೇಳಿ ಪಡೆಯಿರಿ. ಇಲ್ಲಿ ಮಾಡಿಸುವವರು, ವೈದ್ಯರು ಯಾವ ಶಾಖೆಯಲ್ಲಿ ತರಬೇತಿ ಪಡೆದವರೆಂದು ವಿಚಾರಿಸಿ. ನೇತ್ರ ತಜ್ಞರಾಗಿ ರೆಪ್ಪೆಯ ಶಸ್ತ್ರಚಿಕಿತ್ಸೆಯಲ್ಲಿ ವಿಶೇಷ ತರಬೇತಿ ಪಡೆದವರು ಇಲ್ಲವೆ ಬೋರ್ಡ್ ಮನ್ನಣೆಯುಳ್ಳ ಪ್ಲಾಸ್ಟಿಕ್ ಸರ್ಜನ್ ಆಗಿದ್ದರೆ ಒಳ್ಳೆಯದು. ಕಾಸ್ಮೆಟಿಕ್ ಸರ್ಜನ್ ಎಂಬ ಬೋರ್ಡನ್ನು ಯಾವ ವೈದ್ಯರು ಬೇಕಾದರೂ ಬಾಗಿಲಿಗೆ ತೂಗುಹಾಕಬಹುದು. ನಿಮ್ಮ ಮೈಬಣ್ಣದವರ ಮೊದಲಿನ ಮತ್ತು ನಂತರದ ಚಿತ್ರಗಳನ್ನು ತೋರಿಸಿರೆಂದು ಕೇಳಲು ಸಂಕೋಚ ಬೇಡ.

ಬರುವಾಗ ಹತ್ತು ವರ್ಷದ ಹಿಂದಿನ ನಿಮ್ಮದೊಂದು ಫೋಟೋ ತನ್ನಿ. ಎಷ್ಟೋ ಸಲ ಅದನ್ನು ನೋಡಿ ನಾವಿಬ್ಬರೂ ನಕ್ಕಿದ್ದೇವೆ. ರೆಪ್ಪೆ ಆಗಲೂ ಹಾಗೆಯೇ ಇತ್ತು.

ಮಕ್ಕಳು ವೇಷ ಹಾಕಿಕೊಂಡು ಪರದೆಯ ಹಿಂದಿನಿಂದ ಇಣುಕುತ್ತಿದ್ದಾರೆ. ಉಳಿದ ಪ್ರಶ್ನೆಗಳನ್ನು ಎಂದಿನಂತೆ ಊಟದ ಸಾಲಿನಲ್ಲಿ ಕೇಳಬಹುದು.