ಊಟದ ಎಲೆಗೊಂದು ಎಲ್ಲೆ
(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

 

ಶ್ರಾವಕರ ವ್ರತಗಳಲ್ಲಿ ದೇಶಾವಕಾಶಿಕವೆಂಬುದು ಒಂದು. ಇಂತಿಷ್ಟು ಕಾಲ ಇಂತಹ ಎಲ್ಲೆಯನ್ನು ಮೀರಿ ವ್ಯವಹರಿಸೆನೆಂಬ ನಿಯಮವದು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆ ಎಲ್ಲೆಗೆ ಮನೆ, ಗ್ರಾಮ, ಹೊಲ, ನದಿ, ಕಾಡುಗಳನ್ನು ಗುರುತಾಗಿ ಹೇಳಿದ್ದಾರೆ. ಕಾಲಕ್ಕೆ ವರ್ಷ, ಋತು, ಮಾಸ, ಚಾತುರ್ಮಾಸ, ಪಕ್ಷಗಳನ್ನು ಹೇಳಿದ್ದಾರೆ. ನಮ್ಮ ನಡೆಗೆ ವಿಧಿಸಿದ ಈ ಎಲ್ಲೆಯನ್ನು ಊಟದ ಎಲೆಗೂ ಏಕೆ ಹಾಕಿಕೊಳ್ಳಬಾರದೆಂಬುದೇ ಇಂದು ನಾನು ತಮ್ಮ ಮುಂದಿಡಬಯಸುವ ವಿಚಾರ.

ಈ ಆಲೋಚನೆ ಹುಟ್ಟಿದ್ದು ನಮ್ಮ ಮನೆಯಲ್ಲಿ ಆಹಾರದಾನದ ಸಿದ್ಧತೆ ನಡೆದಿದ್ದಾಗ. ಮುನಿಗಳನ್ನು ಬರಮಾಡಿಕೊಳ್ಳುವಾಗ ನಾವು ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿಗಳೊಡನೆ ಆಹಾರ-ಜಲಗಳೂ ಶುದ್ಧವೆಂದು ನಿವೇದಿಸುತ್ತೇವಷ್ಟೆ. ಪೇಟೆಯಿಂದ ತಂದ ತರಕಾರಿಯನ್ನು ಶೋಧಿಸುತ್ತ ಕುಳಿತಿದ್ದ ತಾಯಿಯವರು, "ಇದು ಬೆಳೆದ ಊರು ಯಾವುದು? ಇದಕ್ಕೆ ಏನು ಮದ್ದು ಹೊಡೆದಿದ್ದಾರೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. "ಹಾಗಾದರೆ ಶುದ್ಧವೆಂದು ಯಾವ ಬಾಯಿಂದ ಹೇಳುತ್ತೀಯಾ, ಮಗಾ?" ಎಂದರು. ಆ ಮಾತು ನನ್ನನ್ನು ಬಿಡಲಿಲ್ಲ.

ಮುಂದಿನ ಚಾತುರ್ಮಾಸದಲ್ಲಿ, ನಮ್ಮ ತಾಲೂಕಿನ ಎಲ್ಲೆಯೊಳಗೆ ಬೆಳೆದುದನ್ನೇ ಸಾಧ್ಯವಾದಷ್ಟು ಉಣ್ಣುವುದೆಂದು ಮನೆಮಂದಿ ನಿಶ್ಚಯಿಸಿದೆವು. ಮೊದಲ ದಿನವೇ ನಾಚಿಕೆಯಾಯಿತು. ಏಣೆಲು, ಸುಗ್ಗಿ, ಕೊಳಕೆಯೆಂದು ಮೂರು ಬೆಳೆ ತೆಗೆಯುತ್ತಿದ್ದ ಹಿರಿಯರ ಗದ್ದೆಗೆ ಅಡಿಕೆ ಇಟ್ಟವರು ನಾವೇ. ಕುಚ್ಚಲಕ್ಕಿಗಾಗಿ ಇನ್ನೂ ಬೇಸಾಯ ಬಿಡದ ನೆರೆಯವರ ಮುಂದೆ ನಿಲ್ಲಬೇಕಾಯಿತು.

ಆಷಾಢದ ಜಡಿಮಳೆಯಲ್ಲಿ ತರಕಾರಿಯೆಲ್ಲಿ? ಬೇಸಗೆಯಲ್ಲಿ ಕೊಯ್ದು ಮಾಡಿಗೆ ಕಟ್ಟಿಟ್ಟ ಸೌತೆಕಾಯಿ, ಹಲಸಿನ ಬೀಜ, ಬಾಳೆಕಾಯಿ ಇಷ್ಟರಲ್ಲೇ ದಿನ ಕಳೆಯಬೇಕು. ಮಳೆಗಾಲದಲ್ಲಿ ಜೀವಾಣುಗಳ ಭಯದಿಂದ ಸೊಪ್ಪು ವರ್ಜ್ಯ. ಕೆಸುವಿನ ಗೆಡ್ಡೆ, ಸುವರ್ಣಗೆಡ್ಡೆಗಳು ಹಿತ್ತಲಲ್ಲೇ ಇದ್ದರೂ ಕಂದಮೂಲಗಳು. ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಇಟ್ಟ ಹಲಸಿನ ಸೊಳೆಯನ್ನು ಕಾಲಮರ್ಯಾದೆ ಪಾಲಿಸುವವರು ಮುಟ್ಟರು. ಜೇನಿನ ಮಾತಂತೂ ಇಲ್ಲ. ಹತ್ತಿರ ದೊರೆತುದೆಲ್ಲ ಗ್ರಾಹ್ಯವಲ್ಲವೆಂಬ ವಿವೇಕ ಇಲ್ಲಿ ಅಗತ್ಯ. ಮಕ್ಕಳು ಗೊಣಗಿದರು, ಶ್ರಾವಣ ಕಳೆದು ಹೀರೆ, ಪಡುವಲ, ಬೆಂಡೆಗಳು ಬಂದಾಗ ಹಬ್ಬವೇ ಆಯಿತು. ಗೋಧಿ, ತೊಗರಿ, ಬೆಲ್ಲಗಳನ್ನು ಹೊರಗಿನಿಂದಲೇ ತಂದೆವೆಂಬುದನ್ನು ಮುಚ್ಚಿಡಲಾರೆ. ನಮ್ಮ ವ್ರತ ಅಪೂರ್ಣವಾಗಿತ್ತು.

ಆದರೂ ಒಂದು ಲಾಭವಾಯಿತು. ಹತ್ತಿರದ ಬೆಳೆಯಲ್ಲಿ ಹಿಂಸೆಯಿಲ್ಲವೆಂದು ನಾನು ಹೇಳುವುದಿಲ್ಲ. ಉಳುವ ನೇಗಿಲಿನ ಅಡಿಯಲ್ಲಿಯೂ ಜೀವಗಳು ಸಾಯುತ್ತವೆ. ನೆರೆಯ ತೋಟಕ್ಕೂ ವಿಷ ಸಿಂಪಡಿಸುತ್ತಾರೆ. ಆದರೆ ಹತ್ತಿರದ್ದು ಕಣ್ಣಿಗೆ ಕಾಣುತ್ತದೆ. ಕಂಡುದನ್ನು ಕಡಿಮೆ ಮಾಡಲು ಹಾದಿಯಿರುತ್ತದೆ. ಅಲಸಂಡೆ ಬೆಳೆಯುವ ನೆರೆಯವರೊಬ್ಬರಿಗೆ, "ನಮ್ಮ ಸಾಲಿಗೆ ಮದ್ದು ಹೊಡೆಯಬೇಡಿ, ಹುಳು ತಿಂದು ಉಳಿದುದಕ್ಕೆ ಪೂರ್ಣ ಬೆಲೆ ಕೊಡುತ್ತೇವೆ" ಎಂದೆವು. ಅವರು ಒಪ್ಪಿದರು. ಕೆಲವು ವಾರ ಬುಟ್ಟಿ ಅರ್ಧವೇ ತುಂಬಿತು. ಕೊಟ್ಟ ಮಾತಿನಂತೆ ಹಣ ಕೊಟ್ಟೆವು. ನೂರಾರು ಮೈಲಿ ಆಚೆಯಿಂದ ಲಾರಿಯಲ್ಲಿ ಬರುವ ಕೋಸಿನ ವಿಷಯದಲ್ಲಿ ಈ ಮಾತನ್ನು ಯಾರೊಡನೆ ಆಡೋಣ?

ಬಂಧುಗಳೇ, ಉತ್ಸವಕ್ಕೆ ಹೊರೆಕಾಣಿಕೆ ಒಪ್ಪಿಸುವುದು ನಮ್ಮ ಸೀಮೆಯ ಹಿರಿಯ ಪದ್ಧತಿ. ತಾವು ಬೆಳೆದ ಅಕ್ಕಿ, ತೆಂಗಿನಕಾಯಿ, ಸೌತೆ, ಬಾಳೆಗೊನೆಗಳನ್ನು ಹೊತ್ತು ತರುತ್ತಿದ್ದುದರಿಂದಲೇ ಅದಕ್ಕೆ ಆ ಹೆಸರು. ಇಂದು ನಮ್ಮಲ್ಲಿ ಅನೇಕರು, ನಾನೂ ಸೇರಿ, ಅಂಗಡಿಯಲ್ಲಿ ಕೊಂಡ ಚೀಲವನ್ನೇ ಕಾಣಿಕೆಯಾಗಿ ಒಪ್ಪಿಸುತ್ತೇವೆ. ಈ ಬಸದಿಯ ಮುಂದಿನ ವಾರ್ಷಿಕೋತ್ಸವಕ್ಕೆ ಪ್ರತಿಯೊಂದು ಮನೆಯೂ ತನ್ನ ಅಂಗಳದಲ್ಲಿಯೋ ಗದ್ದೆಯಲ್ಲಿಯೋ ಬೆಳೆದ ಒಂದಾದರೂ ವಸ್ತುವನ್ನು ತರಲಿ. ಪೇಟೆಯಲ್ಲಿ ನೆಲೆಸಿದವರು ಊರಿನ ಬೇಸಾಯಗಾರರಿಂದ ನೇರವಾಗಿ ಕೊಂಡು ತರಲಿ. ಮನೆಯಲ್ಲಿ ವರ್ಷಕ್ಕೊಂದು ಮಾಸ, ಆಗದಿದ್ದರೆ ಒಂದು ಪಕ್ಷ, ಎಲ್ಲೆ ಹಾಕಿಕೊಂಡು ಉಣ್ಣೋಣ.

ಶಿಲೆಯಲ್ಲಿ ಜಿನಬಿಂಬವನ್ನು ಪ್ರತಿಷ್ಠಾಪಿಸಿದ ನಾವು, ಆಹಾರ ಶುದ್ಧವೆಂದು ನಿವೇದಿಸುವಾಗ ಅದು ಬೆಳೆದ ನೆಲವನ್ನೂ ಬಲ್ಲವರಾಗಿರೋಣ.

ಜೈನಂ ಜಯತು ಶಾಸನಂ.